ಕೈಗುಣ

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ಬತ್ತಿಯಂತೆ ಹೊಸೆದು, ಮಗಳು ಅಮ್ಮನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಮೂರನೇ ಸಲ ಎಳೆದಳು. ಕಪ್ಪು ಹೋಗಲಿಲ್ಲ.

“ಬಿಡೇ, ಸಾಕು,” ಅಂದಳು ಚಿಕ್ಕಮ್ಮ. ಅಕ್ಕನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ನಿದ್ದೆಹೋದ ಕೂಸಿನ ಕೈ ಒರೆಸುವ ಹಾಗೆ ಒರೆಸುತ್ತಿದ್ದಳು. “ಬದುಕಿದ್ದಾಗ ನಿಂಬೆಹುಳಿ ಹಾಕಿ ಉಜ್ಜಿದಳು, ಸೀಮೆಎಣ್ಣೆ ಹಾಕಿ ಉಜ್ಜಿದಳು. ಆಗ ಹೋಗದ್ದು ಈಗ ಹೋಗುತ್ತಾ?”

“ಇನ್ನೊಂದೇ ಸಲ, ಚಿಕ್ಕಮ್ಮ.”

“ನೀನೂ ಅವಳ ಹಾಗೇ. ಹಿಡಿದದ್ದು ಬಿಡೋಳಲ್ಲ.”

ಅದು ಮಣ್ಣಿನ ಕಪ್ಪಲ್ಲ. ಕರಿಕಲ್ಲನ್ನು ಯಂತ್ರಕ್ಕೆ ಹಾಕಿ ಹಿಟ್ಟಿಗಿಂತ ನುಣ್ಣಗೆ ಅರೆದ ಪುಡಿ. ಊರಾಚೆಯ ಸಂಶೋಧನಾಲಯದಲ್ಲಿ ಅದನ್ನು ಚಂದ್ರನ ಮಣ್ಣು ಅನ್ನುತ್ತಿದ್ದರು. ಚಂದ್ರನಿಂದ ಒಂದು ಚಿಟಿಕೆಯೂ ಬಂದದ್ದಲ್ಲ; ಅಲ್ಲಿಯ ಮಣ್ಣು ಹೇಗಿದೆಯೋ ಹಾಗೆಯೇ ಇಲ್ಲಿ ಮಾಡಿಕೊಂಡು, ಬರೀ ಅದರಲ್ಲಿ, ಬರೀ ನೀರಿನಲ್ಲಿ ಗಿಡ ಬೆಳೆಯುತ್ತದೆಯೇ ಎಂದು ನೋಡುವುದು ಅಲ್ಲಿಯವರ ಕೆಲಸ. ಬೆಳೆದರೆ ಮುಂದೊಂದು ದಿನ ಮನುಷ್ಯರು ಬೀಜ ಕಟ್ಟಿಕೊಂಡು ಅಲ್ಲಿಗೆ ಹೋಗಬಹುದು. ಅಮ್ಮ ಆ ಟ್ರೇಗಳಿಗೆ ನೀರು ಹಾಕುವವಳು. ಹುದ್ದೆಗೆ ಒಂದು ಉದ್ದದ ಹೆಸರಿತ್ತು. ಜನ ಕರೆಯುತ್ತಿದ್ದುದು ನೀರಮ್ಮ ಎಂದು.

ಮೊನ್ನೆ ಬೆಳಿಗ್ಗೆ ಹದಿನೇಳನೇ ನಂಬರಿನ ಬಸ್ಸಿಗೆ ಕಾಯುತ್ತ, ಕಲ್ಲುಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದಳು. ಎರಡು ಬಸ್ಸು ಬಂದು ಹೋದವು. ಮೂರನೆಯದರ ಕಂಡಕ್ಟರು ಅವಳನ್ನು ಬಲ್ಲವನು. ಬಾಗಿಲಲ್ಲಿ ನೇತಾಡಿಕೊಂಡೇ, “ಯಾಕಮ್ಮಾ, ಇವತ್ತು ಚಂದ್ರನಿಗೆ ರಜವಾ?” ಎಂದು ಕೂಗಿದ. ಉತ್ತರ ಬಾರದಿದ್ದಾಗ ಇಳಿದು ಬಂದು ಭುಜ ಮುಟ್ಟಿದ.

ಮಗಳು ಬಟ್ಟೆಯನ್ನು ಬೋಗುಣಿಗೆ ಹಾಕಿದಳು.

“ಚಿಕ್ಕಮ್ಮ, ಇವತ್ತು ಆಫೀಸಿನವರು ಬರ್ತಾರಲ್ಲ. ಅವರ ಹತ್ರ ಒಂದು ಮಾತು ಹೇಳ್ಬೇಕು. ಅಮ್ಮ ಹೇಳು ಅಂದಿದ್ದು.”

“ಏನು ಮಾತು?”

“ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಒಂದು ಕಳ್ಳತನ ಮಾಡ್ತಾ ಇದ್ದಳು.”

“ಇವಳಾ?” ಚಿಕ್ಕಮ್ಮ ಅಕ್ಕನ ಮುಖ ನೋಡಿದಳು. “ಅಂಗಡಿಯವನು ಕೈತಪ್ಪಿ ಒಂದು ಟೊಮೇಟೊ ಜಾಸ್ತಿ ಹಾಕಿದ್ರೆ ವಾಪಸ್ ಹೋಗಿ ಕೊಟ್ಟು ಬರ್ತಿದ್ದವಳು ಇವಳು!”

“ಅಲ್ಲಿಂದ ತರೋ ಕಳ್ಳತನ ಅಲ್ಲ, ಚಿಕ್ಕಮ್ಮ. ಇಲ್ಲಿಂದ ತಗೊಂಡು ಹೋಗಿ ಇಡೋ ಕಳ್ಳತನ.”

“ಹೆಣದ ಮುಂದೆ ಕೂತು ಒಗಟು ಹೇಳ್ಬೇಡ ನನಗೆ,” ಅಂದು ಚಿಕ್ಕಮ್ಮ ಬೋಗುಣಿ ಎತ್ತಿಕೊಂಡು ಎದ್ದಳು.

*

ಆಗ ಮಗಳಿಗೆ ಐದು ವರ್ಷ. ಅಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಅಮ್ಮನಿಗೆ ಕೆಲಸ ಸಿಕ್ಕ ಮೊದಲ ದಿನ ಅವಳು ಸೆರಗು ಹಿಡಿದು ಜಗ್ಗಿ, ಎಲ್ಲಿಗೆ ಹೋಗ್ತೀಯ ಎಂದು ಕೇಳಿದ್ದಳು.

“ಚಂದ್ರನಿಗೆ.”

“ಯಾವುದರಲ್ಲಿ?”

“ಹದಿನೇಳನೇ ನಂಬರಲ್ಲಿ. ಸೀಟು ಸಿಕ್ಕರೆ ಕೂತುಕೊಂಡು, ಇಲ್ಲದಿದ್ರೆ ನಿಂತುಕೊಂಡು.”

ದಿನವೂ ಮಲಗುವಾಗ ಚಂದ್ರನ ಸುದ್ದಿ ಬರುತ್ತಿತ್ತು. ಅಲ್ಲೊಂದು ಕೋಣೆಯಂತೆ, ಅದಕ್ಕೆ ಎರಡು ಬಾಗಿಲಂತೆ. ಮೊದಲನೆಯದು ಹಿಂದೆ ಮುಚ್ಚಿಕೊಂಡ ಮೇಲೆ ಹನ್ನೊಂದು ನಿಮಿಷ ಒಂದು ಗಾಳಿ ಬಂದು ಮೈಯೆಲ್ಲ ಮೂಸಿ ನೋಡುತ್ತದಂತೆ. ಭೂಮಿಯ ಧೂಳು ಒಂದು ಕಣ ಅಂಟಿದ್ದರೂ ಎರಡನೆಯ ಬಾಗಿಲು ತೆರೆಯುವುದಿಲ್ಲವಂತೆ. ಒಳಗೆ ಕರಿಮರಳಿನಡಿ ಮೂಲಂಗಿ ರಾಜಕುಮಾರ ನಿದ್ದೆ ಮಾಡುತ್ತಿದ್ದಾನಂತೆ. ಎಬ್ಬಿಸಿದರೆ ಎರಡು ಎಲೆ ಹೊರಗೆ ಹಾಕಿ ಆಕಳಿಸಿ, ಮತ್ತೆ ಮುದುಡಿಕೊಳ್ಳುತ್ತಾನಂತೆ.

“ಮೂಲಂಗೀನೇ ಯಾಕೆ?” ಮಗಳಿಗೆ ಮೂಲಂಗಿಯ ವಾಸನೆ ಆಗುತ್ತಿರಲಿಲ್ಲ.

“ನಾನೂ ಅದನ್ನೇ ಕೇಳಿದೆ. ಬೇಗ ಬೆಳೆಯುತ್ತಂತೆ. ಪಾಪ, ಚಂದ್ರ. ಎಷ್ಟು ಚಂದ ಇದ್ದ, ಇನ್ನು ಮೇಲೆ ನಾರುತ್ತಾನೆ.”

ಮಗಳಿಗೆ ಹೇಳದೆ ಬಿಟ್ಟದ್ದು ಇಷ್ಟು. ಐದು ತಿಂಗಳಲ್ಲಿ ಆ ಕೋಣೆಯಲ್ಲಿ ಒಂದು ಗಿಡವೂ ಬದುಕಿರಲಿಲ್ಲ. ಅಮ್ಮನಿಗೆ ಅಲ್ಲಿ ಎರಡೇ ಕೆಲಸ: ಡ್ರಮ್ಮಿನ ಶುದ್ಧ ನೀರನ್ನು ಅಳತೆಯ ಲೋಟದಲ್ಲಿ ಹಾಕುವುದು, ಯಾವ ಟ್ರೇಯ ಗಿಡ ಹೇಗೆ ಸತ್ತಿತು ಎಂದು ಬರೆಯುವುದು. ಎಂಟು ಗಂಟೆ ಹೊತ್ತು ಒಳಗೆ. ಹೊರಗಿನಿಂದ ತಿನ್ನುವ ವಸ್ತು ತರುವಂತಿಲ್ಲ. ಕುಡಿಯಲು ಒಂದು ಫ್ಲಾಸ್ಕ್ ನೀರು ಮಾತ್ರ, ಅದೂ ಬಾಗಿಲಲ್ಲಿ ತೂಕ ಮಾಡಿಸಿ.

ಒಂದು ಬೆಳಿಗ್ಗೆ ಮಗಳಿಗೆ ಹೊಟ್ಟೆನೋವು, ಬಸ್ಸಿಗೆ ಹೊತ್ತಾಗಿತ್ತು, ಅಡುಗೆಮನೆಯಲ್ಲಿ ಒಂದೇ ಥರದ ಎರಡು ಪಾತ್ರೆ. ಒಂದರಲ್ಲಿ ಕುಡಿಯುವ ನೀರು. ಇನ್ನೊಂದರಲ್ಲಿ ಸೊಪ್ಪು, ಬೇಳೆ ತೊಳೆದ ಕಲಗಚ್ಚು. ಹಿತ್ತಲಿನ ಗಿಡದ ಬುಡಕ್ಕೆ ಹಾಕಲು ಇಟ್ಟದ್ದು. ಅವಸರದಲ್ಲಿ ಅಮ್ಮ ಫ್ಲಾಸ್ಕಿಗೆ ಎರಡನೆಯದನ್ನು ತುಂಬಿದಳು. ಗೊತ್ತಾದದ್ದು ಒಳಗೆ ಹೋಗಿ ಒಂದು ಗುಟುಕು ಕುಡಿದಾಗ. ಉಗಿಯಲು ಜಾಗವಿಲ್ಲ; ನುಂಗಿದಳು. ಚೆಲ್ಲಲು ಬಚ್ಚಲಿಲ್ಲ. ತುಂಬಿದ ಫ್ಲಾಸ್ಕನ್ನು ಹಾಗೆಯೇ ಹೊರಗೆ ತಂದರೆ ಬಾಗಿಲಲ್ಲಿ ತೂಕ ನೋಡುವವನು ಯಾಕೆ ಕುಡಿಯಲಿಲ್ಲ ಎಂದು ಕೇಳುತ್ತಾನೆ, ಬರೆದುಕೊಳ್ಳುತ್ತಾನೆ. ಏಳನೇ ಟ್ರೇಯ ಗಿಡಗಳು ಹೇಗೂ ನಾಳೆಯೋ ನಾಡಿದ್ದೋ ಸಾಯುವವು. ಯಾರೂ ನೋಡದ ಹೊತ್ತಿನಲ್ಲಿ ಅಮ್ಮ ಫ್ಲಾಸ್ಕನ್ನು ಅದರೊಳಗೆ ಬಗ್ಗಿಸಿದಳು.

ಒಂಬತ್ತನೇ ದಿನ ಏಳನೇ ಟ್ರೇಯಲ್ಲಿ ನಾಲ್ಕನೇ ಎಲೆ ಬಂತು. ದಿನವೂ ಬಂದು ಎಲೆಯ ಉದ್ದ ಅಳೆಯುವ ಮೇಡಂ, ಕೆಲಸಕ್ಕೆ ಸೇರಿ ಆರು ತಿಂಗಳೂ ಆಗಿರದ ಹುಡುಗಿ, ಅಳತೆಪಟ್ಟಿ ಕೈಯಿಂದ ಬೀಳಿಸಿ ಅಮ್ಮನನ್ನು ಅಪ್ಪಿಕೊಂಡಳು. ದೊಡ್ಡ ಸಾಹೇಬರು ಓಡಿ ಬಂದರು.

“ಯಾರು ನೀರು ಹಾಕಿದ್ದು?”

“ನಾನೇ, ಸಾರ್.”

“ಎಷ್ಟು?”

“ದಿನಾ ಹಾಕೋವಷ್ಟೇ.”

ಎಂಥ ನೀರು ಎಂದು ಯಾರೂ ಕೇಳಲಿಲ್ಲ. ಸಾಹೇಬರು ಅವಳ ಎರಡೂ ಕೈಗಳನ್ನು ಹಿಡಿದು ಎಲ್ಲರಿಗೂ ತೋರಿಸಿದರು. “ಕೈಗುಣ ಅಂದ್ರೆ ಇದು ನೋಡ್ರಪ್ಪ!”

ಮುಂದಿನ ವಾರ ಅಮ್ಮ ನಿಯತ್ತಾಗಿ ಡ್ರಮ್ಮಿನ ನೀರನ್ನೇ ಹಾಕಿದಳು. ಎಲೆ ಹಳದಿಗೆ ತಿರುಗಿತು. ಎಲೆ ಮೇಡಂ ಮೆಟ್ಟಿಲ ಮೇಲೆ ಕೂತು, ಬಾಯಿಗೆ ಕರವಸ್ತ್ರ ತುರುಕಿಕೊಂಡು ಅಳುತ್ತಿದ್ದುದನ್ನು ಅಮ್ಮ ನೋಡಿದಳು. ಮಾರನೇ ಬೆಳಿಗ್ಗೆ ಎರಡು ಪಾತ್ರೆಗಳ ಮುಂದೆ ಸ್ವಲ್ಪ ಹೊತ್ತು ನಿಂತಿದ್ದಳು. ಬಸ್ಸಿನ ಹಾರನ್ ಕೇಳಿತು. ಮೊದಲ ಸಲದ್ದು ಅಚಾತುರ್ಯ. ಆ ದಿನದ್ದು ಹಾಗಲ್ಲ.

*

ಹತ್ತು ಗಂಟೆಯ ಹೊತ್ತಿಗೆ ಆಫೀಸಿನವರು ಬಂದರು. ಅಕ್ಕಪಕ್ಕದ ಮನೆಗಳಿಂದ ತಂದ ಕುರ್ಚಿಗಳು ಸಾಲಲಿಲ್ಲ. ಕೆಲವರು ಗೋಡೆಗೆ ಒರಗಿ ನಿಂತರು. ಎರಡು ಬಾಗಿಲಿನ ಗುಂಡಿ ಒತ್ತುವ, ತೂಕ ನೋಡುವ ಬಾಗಿಲಣ್ಣ ಒಳಗೆ ಬರುವಾಗಲೇ ಮೂಗು ಒರೆಸಿಕೊಳ್ಳುತ್ತಿದ್ದ.

“ಮೊದಲ ದಿನ ಡ್ರಮ್ ತೋರಿಸಿ, ಇದು ಬಟ್ಟಿ ಇಳಿಸಿದ್ದು ಅಂದ್ರು ಸಾಹೇಬ್ರು,” ಎಂದು ಪಕ್ಕದಲ್ಲಿದ್ದವರಿಗೆ ಹೇಳಿದ. “ನಾನು ಖುಷಿಯಾಗಿ ಒಂದು ಲೋಟ ಏರಿಸಿಬಿಟ್ಟೆ. ಬರೀ ನೀರು! ನಮ್ಮ ನೀರಮ್ಮ ನಕ್ಕಿದ್ದೇ ನಕ್ಕಿದ್ದು. ಅವಳು ನಕ್ಕಿದ್ದನ್ನ ನಾನು ನೋಡಿದ್ದು ಅದೇ ಕೊನೆ ಅನ್ನಿಸುತ್ತೆ.”

“ಗಂಟಲು ಅವಳದು ಯಾವಾಗಲೂ ಕಟ್ಟಿರ್ತಿತ್ತು,” ಅಂದರು ಇನ್ನೊಬ್ಬರು.

“ಎಂಟು ಗಂಟೆಗೆ ಫ್ಲಾಸ್ಕ್ ತುಂಬಾ ನೀರು ಕುಡೀತಿದ್ಲು. ಬರುವಾಗ ಒಂದು ತೊಟ್ಟು ಇರ್ತಿರಲಿಲ್ಲ. ಆದ್ರೂ ಧ್ವನಿ ನೋಡಿ, ಗರಗಸದ ಹಾಗೆ. ನಾನು ಜೇನುತುಪ್ಪ ಹೇಳಿದೆ, ಶುಂಠಿ ಹೇಳಿದೆ. ಮಾಡ್ತೀನಿ ಅಣ್ಣ ಅನ್ನೋಳು, ಮಾಡ್ತಿರಲಿಲ್ಲ.”

ಮೂಲೆಯಲ್ಲಿ ನಿಂತಿದ್ದ ಮಗಳು ಗೋಡೆಗೆ ಬೆನ್ನು ಒತ್ತಿಕೊಂಡಳು. ಅಮ್ಮ ಒಳಗೆ ಒಂದು ತೊಟ್ಟೂ ನೀರು ಕುಡಿಯುತ್ತಿರಲಿಲ್ಲ. ಫ್ಲಾಸ್ಕಿನಲ್ಲಿ ಕುಡಿಯುವ ನೀರೇ ಇರುತ್ತಿರಲಿಲ್ಲ; ಡ್ರಮ್ಮಿನ ನೀರಿಗೆ ಲೋಟಲೋಟಕ್ಕೂ ಲೆಕ್ಕ.

ಎಲೆ ಮೇಡಂ ಹೆಣದ ಕಾಲ ಬಳಿ ಕೂತಿದ್ದರು. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ಅಂಗಿಯ ಜೇಬಿನಲ್ಲಿ ಅದೇ ಅಳತೆಪಟ್ಟಿ; ಸಾವಿನ ಮನೆಗೆ ಬರುವಾಗಲೂ ತೆಗೆದಿಡಲು ಮರೆತಿದ್ದರು.

“ಒಂದು ಸಲ ರಜ ಹಾಕಿದ್ರು ನೋಡಿ,” ಅಂದರು ಮೇಡಂ, ಯಾರಿಗೆಂದಲ್ಲ.

“ನನ್ನ ಹೆರಿಗೆಗೆ!” ಚಿಕ್ಕಮ್ಮ ಅಡುಗೆಮನೆಯ ಬಾಗಿಲಿನಿಂದಲೇ ತಿರುಗಿದಳು. “ಒಂದು ತಿಂಗಳು ಇರ್ತೀನಿ ಅಂತ ಬಂದವಳು. ಹನ್ನೆರಡನೇ ದಿನ ನಿಮ್ಮ ಕಾರು ಬಂತು. ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ಕೈ ಒರೆಸಿಕೊಂಡು ಎದ್ದು ಹೋದಳು. ಯಾವ ರಾಣಿಗೂ ಇಷ್ಟು ಮರ್ಯಾದೆ ಇರಲಿಕ್ಕಿಲ್ಲ. ಯಾವ ಕೈದಿಗೂ ಇಷ್ಟು ಕಾವಲು ಇರಲಿಕ್ಕಿಲ್ಲ.”

“ಏನು ಮಾಡೋದಮ್ಮ,” ದೊಡ್ಡ ಸಾಹೇಬರು ಮೆಲ್ಲಗೆ ಹೇಳಿದರು. “ಬೇರೆ ಹುಡುಗಿ ಅದೇ ನೀರು, ಅದೇ ಲೋಟ, ಅದೇ ಹೊತ್ತಿಗೆ ಹಾಕಿದ್ಲು. ಹನ್ನೆರಡು ದಿನಕ್ಕೆ ಅರ್ಧ ಕೋಣೆ ಹಳದಿ. ಇವರು ಬಂದು ಕೈ ಇಟ್ಟರು, ಮತ್ತೆ ಹಸಿರು. ನಾನು ವಿಜ್ಞಾನ ಓದಿದವನು. ಕೈಗುಣ ಅನ್ನೋ ಮಾತು ಬರೆಯೋಕಾಗಲ್ಲ. ಆದರೆ ಕಣ್ಣಾರೆ ನೋಡಿದ್ದೀನಲ್ಲ.”

ಆಮೇಲೆ ಅವರು ಮಗಳನ್ನು ಕಿಟಕಿಯ ಬಳಿ ಕರೆದರು.

“ನೀನು ಏನು ಮಾಡ್ತಿದೀಯಮ್ಮ ಈಗ?”

“ಭೂಮಿ ಅಳೆಯೋರ ಜೊತೆ ಇದೀನಿ, ಸಾರ್. ನಾನು ದೂರದಲ್ಲಿ ಕೋಲು ಹಿಡಿದು ನಿಲ್ತೀನಿ, ಅವರು ದುರ್ಬೀನಿನಲ್ಲಿ ನೋಡಿ ಬರ್ಕೋತಾರೆ. ತಿಂಗಳಿಗೊಂದು ಜಾಗ.”

“ಗಾಳಿ ಬಿಸಿಲಿನ ಕೆಲಸ. ಇರಲಿ. ವಿಷಯ ಏನಂದ್ರೆ, ಮುಂದಿನ ತಿಂಗಳು ನಮ್ಮ ಬೀಜ ನಿಜವಾಗಿಯೂ ಹೋಗ್ತಿದೆ. ಚಂದ್ರನಿಗೇ. ಅದು ಮೊಳೆತರೆ ಅದರ ಹಿಂದೆಯೇ ಜನ. ಇಂಥ ಹೊತ್ತಲ್ಲಿ ಇವರು...” ಸಾಹೇಬರು ನಿಲ್ಲಿಸಿದರು. “ಎರಡು ದಿನದಿಂದ ಯಾರೂ ನೀರು ಹಾಕಿಲ್ಲ. ನಾನೇ ಬೇಡ ಅಂದೆ. ಬೇರೆ ಕೈ ತಾಗಿ ಹಾಳಾಗೋದು ಬೇಡ ಅಂತ. ಕೈಗುಣ ರಕ್ತದಲ್ಲಿ ಬರುತ್ತಮ್ಮ. ನೀನೊಂದು ಸಲ ಬಂದು ನೀರು ಹಾಕಿದ್ರೆ...”

“ನನ್ನ ಕೈಯಲ್ಲಿ ಕಳ್ಳಿಗಿಡಾನೂ ಬದುಕಿಲ್ಲ, ಸಾರ್.”

ಅವರು ನಕ್ಕು ಅವಳ ತಲೆ ಸವರಿದರು. “ಅಮ್ಮನೂ ಹೀಗೇ ಹೇಳೋರು.”

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಬಂದು, ಗಾಡಿ ಬಂತು, ಎತ್ತೋಣವಾ ಎಂದು ಕೇಳಿದರು.

*

ಎರಡು ವರ್ಷದ ಹಿಂದೆ ಮಗಳು ರಜದಲ್ಲಿ ಮನೆಗೆ ಬಂದಿದ್ದಳು. ಅಮ್ಮನಿಗೆ ಕೆಂಡದಂಥ ಜ್ವರ. ಆದರೂ ಆರು ಗಂಟೆಗೇ ಎದ್ದು ಸೊಪ್ಪು ತೊಳೆಯುತ್ತ ಕೂತಿದ್ದಳು. ನೀರು ಚೆಲ್ಲದ ಹಾಗೆ, ಬೇರಿನ ಮಣ್ಣು ಪಾತ್ರೆಯಲ್ಲೇ ಉಳಿಯುವ ಹಾಗೆ. ಮಗಳು ಬಾಗಿಲಿಗೆ ಅಡ್ಡ ನಿಂತಳು.

“ಇವತ್ತು ನೀನು ಹೋಗೋ ಹಾಗಿಲ್ಲ.”

“ದಾರಿ ಬಿಡು.”

“ಒಂದು ದಿನ ಮೂಲಂಗಿ ಉಪವಾಸ ಇದ್ರೆ ಚಂದ್ರ ಉದುರಿ ಬೀಳಲ್ಲ.”

ಅಮ್ಮ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡೇ, ಗರಗಸದ ಧ್ವನಿಯಲ್ಲಿ, ಕಲಗಚ್ಚಿನ ಕತೆಯನ್ನು ಮೊದಲಿನಿಂದ ಹೇಳಿದಳು. ಚಿಕ್ಕಂದಿನಲ್ಲಿ ಮೂಲಂಗಿ ರಾಜಕುಮಾರನ ಕತೆ ಹೇಳುತ್ತಿದ್ದ ಹಾಗೆಯೇ, ನಡುನಡುವೆ ನಿಲ್ಲಿಸಿ. ಆದರೆ ಮಗಳು ಆಮೇಲೆ, ಆಮೇಲೆ ಎಂದು ಕೇಳಲಿಲ್ಲ.

“ಮೊದಲೆಲ್ಲ ಏನನ್ಕೊಂಡೆ ಗೊತ್ತಾ? ಈ ಒಂದು ಬೆಳೆ ಬರಲಿ, ಆಮೇಲೆ ಹೇಳಿಬಿಡೋಣ ಅಂತ. ಆ ಬೆಳೆ ಬಂತು. ಮೇಡಮ್ಮಿಗೆ ಕೆಲಸ ಕಾಯಂ ಆಯ್ತು. ಇನ್ನೊಂದು ಬೆಳೆ ಆಗಲಿ ಅಂದ್ಕೊಂಡೆ. ಬಾಗಿಲಣ್ಣನ ಸಂಸಾರ ಕ್ವಾರ್ಟರ್ಸಿಗೆ ಬಂತು. ಈಗ ಮೂವತ್ತೇಳನೇ ಬೆಳೆ. ನೂರಾರು ಜನ ಅಲ್ಲಿ ಊಟ ಮಾಡ್ತಾರೆ ಕಣೇ. ನಾನು ಒಂದು ಮಾತು ಆಡಿದ್ರೆ ಎಲ್ಲ ಮಡಚಿಕೊಳ್ಳುತ್ತೆ.”

“ಅವರಿಗೆ ಗೊತ್ತೇ ಆಗಲಿಲ್ವಾ? ಅಷ್ಟೆಲ್ಲ ಯಂತ್ರ ಇದೆ.”

“ಡ್ರಮ್ಮಿನ ನೀರನ್ನ ದಿನಾ ಪರೀಕ್ಷೆ ಮಾಡ್ತಾರೆ. ಟ್ರೇಯಲ್ಲಿ ಏನೋ ಸೇರಿದೆ ಅಂತ ಪರೀಕ್ಷೇಲಿ ಬಂದಾಗ, ಗಿಡದ ಬೇರೇ ಹಾಗೆ ಮಾಡಿದೆ ಅಂತ ಪುಸ್ತಕ ಬರೆದರು. ಆ ಪುಸ್ತಕಕ್ಕೆ ಬಹುಮಾನ ಬಂತು.” ಅಮ್ಮನಿಗೆ ನಗು ಬಂದು, ನಗು ಕೆಮ್ಮಾಗಿ, ಬಹಳ ಹೊತ್ತು ಕೆಮ್ಮಿದಳು. “ನೀನು ಆ ಕೋಲು ಹಿಡ್ಕೊಂಡು ನಿಲ್ತೀಯಲ್ಲ. ನಾನೂ ಒಂದು ದಿನ ಬಂದು ಹಿಡ್ಕೊಂಡು ನಿಲ್ಲಬೇಕು ಅಂತ ಆಸೆ. ಸುತ್ತ ಗೋಡೆ ಇಲ್ಲದ ಕಡೆ. ಆದ್ರೆ ಹೋಗಿ ಬರೋಕೆ ನಾಲ್ಕು ದಿನ ಬೇಕಲ್ಲ.”

“ಬಾ ಅಮ್ಮ. ಇವತ್ತೇ ಹೋಗೋಣ.”

“ಆಗಲ್ಲ. ಬದುಕಿರೋ ತನಕ ನನ್ನ ಬಾಯಿಂದ ಬರಲ್ಲ ಅದು. ನೀನು ಹೇಳು. ನನ್ನನ್ನ ಮಣ್ಣು ಮಾಡೋ ದಿನಾನೇ ಹೇಳಿಬಿಡು. ಮಾರನೇ ದಿನಕ್ಕೆ ಇಟ್ಕೋಬೇಡ. ಇಟ್ಕೊಂಡ್ರೆ ನಿನಗೂ ಕೂತುಬಿಡುತ್ತೆ, ನನಗೆ ಕೂತ ಹಾಗೆ.” ಆಮೇಲೆ ಹೊಸ್ತಿಲು ಹಿಡಿದು ಎದ್ದಳು. “ಪಾಪ, ಯಾರೋ ಎತ್ತಿನಗಾಡೀಲಿ ಹೊರಟ ಹಾಗೆ ಚಂದ್ರನಿಗೆ ಹೊರಟುಬಿಡ್ತಾರೆ, ಬರೀ ನೀರು, ಬರೀ ಬೀಜ ಕಟ್ಟಿಕೊಂಡು. ಅಲ್ಲಿ ಕಲಗಚ್ಚು ಯಾರು ಕೊಡ್ತಾರೆ?”

ಮಗಳು ದಾರಿ ಬಿಟ್ಟಳು. ಹದಿನೇಳನೇ ನಂಬರಿನಲ್ಲಿ ಅಂದು ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತ ಅಮ್ಮ ಕಿಟಕಿಯಿಂದ ಕೈ ಮಾತ್ರ ಆಡಿಸಿದಳು.

*

ಗುಂಡಿ ಮುಚ್ಚಿ ಆದ ಮೇಲೆ ಜನ ಒಬ್ಬೊಬ್ಬರಾಗಿ ಗೇಟಿನ ಕಡೆ ನಡೆದರು. ಎಲೆ ಮೇಡಂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೊಸ ಮಣ್ಣನ್ನು ಒಂದು ಹಿಡಿ ತೆಗೆದು ಬೆರಳ ನಡುವೆ ಪುಡಿ ಮಾಡುತ್ತಿದ್ದರು. ಒಂದು ಎರೆಹುಳು ಹೊರಬಂದು ಅವರ ಅಂಗೈ ಮೇಲೆ ದಾರಿ ತಪ್ಪಿ ಅಲೆಯಿತು.

“ಎಷ್ಟು ಸುಲಭ ನೋಡು ಇಲ್ಲಿ,” ಅಂದರು.

ಮಗಳು ಅವರ ಪಕ್ಕ ಕೂತಳು. ಹೇಳಿದಳು. ಫ್ಲಾಸ್ಕು, ಎರಡು ಪಾತ್ರೆ, ಏಳನೇ ಟ್ರೇ, ಕೆಮ್ಮು, ಎಲ್ಲವನ್ನೂ, ಮಧ್ಯೆ ಉಸಿರೆಳೆಯದೆ. “ನಿಮ್ಮ ಕಲ್ಲಿನ ಪುಡೀನ ಅವಳು ಕಲಗಚ್ಚು ಹಾಕಿ ಹಾಕಿ ಮಣ್ಣು ಮಾಡಿದ್ಲು, ಮೇಡಂ. ಅದು ಚಂದ್ರನ ಮಣ್ಣಲ್ಲ. ನಮ್ಮನೆ ಹಿತ್ತಲು.”

ಮೇಡಂ ಎರೆಹುಳುವನ್ನು ಹುಷಾರಾಗಿ ಕೆಳಗೆ ಬಿಟ್ಟರು.

“ನನಗೀಗ ನಲವತ್ತಾರು,” ಅಂದರು ಆಮೇಲೆ. “ಇಪ್ಪತ್ತೆರಡು ವರ್ಷ ದಿನಾ ಆ ಎಲೆ ಅಳೆದಿದ್ದೀನಿ. ಮದುವೆ ಆಗಲಿಲ್ಲ, ಊರು ಬಿಡಲಿಲ್ಲ. ನೀನು ಹೇಳೋದು ನಿಜ ಆಗಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?”

“ಮೇಡಂ...”

“ನಿಮ್ಮಮ್ಮ ಯಾವಾಗಲೂ ಹಾಗೇ. ಹೊಗಳಿದ್ರೆ ಮೈಮೇಲೆ ಹುಳ ಬಿದ್ದ ಹಾಗೆ ಕೊಡವಿಕೊಳ್ತಿದ್ರು. ಜ್ವರದಲ್ಲಿ ಏನೋ ಹೇಳಿರ್ತಾರೆ. ನಂದೇನಿಲ್ಲ, ಕಲಗಚ್ಚಿಂದ ಆಯ್ತು ಅಂತ. ಅಷ್ಟು ದೊಡ್ಡ ಮನಸ್ಸು.” ಮೇಡಂ ಅಳತೊಡಗಿದರು. ಅಳುತ್ತಲೇ ಅವಳ ಕೆನ್ನೆ ಮುಟ್ಟಿದರು. “ನೀನೂ ಅದೇ ಮನಸ್ಸಿನವಳು.”

ದೊಡ್ಡ ಸಾಹೇಬರು ವಾಪಸ್ ಬಂದರು. ಮಗಳು ಎದ್ದು ನಿಂತು ಅವರಿಗೂ ಹೇಳಿದಳು. ಈ ಸಲ ಧ್ವನಿ ಜೋರಾಗಿತ್ತು; ಗೇಟಿನ ಬಳಿ ಇದ್ದವರು ತಿರುಗಿ ನೋಡಿದರು. ಸಾಹೇಬರು ಕೊನೆಯವರೆಗೂ ಸಮಾಧಾನವಾಗಿ ಕೇಳಿದರು.

“ಸೊಪ್ಪು ತೊಳೆದ ನೀರಿಗೆ ಚಂದ್ರನ ಮೇಲೆ ಗಿಡ ಬೆಳೆಯೋ ಹಾಗಿದ್ರೆ,” ಅಂದರು, “ನಾವೆಲ್ಲ ಯಾಕಮ್ಮ ಬೇಕಿತ್ತು?”

ಬಾಗಿಲಣ್ಣ ಕಣ್ಣೊರೆಸಿಕೊಳ್ಳುತ್ತ, “ಫ್ಲಾಸ್ಕ್ ತೂಕ ಮಾಡ್ತಿದ್ದವನು ನಾನು, ಮಗಾ. ಗ್ರಾಂ ಲೆಕ್ಕದಲ್ಲಿ. ಒಂದು ದಿನ ತಪ್ಪಿಲ್ಲ,” ಅಂದ.

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಮುಖದಲ್ಲೂ ಕೋಪವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಎಲ್ಲರೂ ಪ್ರೀತಿಯಿಂದ, ತಾಳ್ಮೆಯಿಂದ, ಅವಳು ದುಃಖ ಮುಗಿಸಲಿ ಎಂದು ಕಾಯುತ್ತಿದ್ದರು. ಬಿಸಿಲು ಇಳಿಯುತ್ತಿತ್ತು. ಮಣ್ಣು ಮಾಡಿದ ದಿನ ಮುಗಿಯಲು ಇನ್ನು ಕೆಲವೇ ಗಂಟೆ ಬಾಕಿ.

“ಆಯ್ತು,” ಅಂದಳು. “ಈಗಲೇ ಬರ್ತೀನಿ. ಫ್ಲಾಸ್ಕ್ ಬೇಡ, ಏನೂ ಬೇಡ. ನಿಮ್ಮ ಡ್ರಮ್ಮಿನ ನೀರನ್ನೇ ನಿಮ್ಮ ಕಣ್ಮುಂದೆ ಹಾಕ್ತೀನಿ. ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಆಗ ಗೊತ್ತಾಗುತ್ತೆ. ಅವಳ ಕೈಯಲ್ಲೂ ಇರಲಿಲ್ಲ ಅಂತ.”

ಚಿಕ್ಕಮ್ಮ ಅವಳ ತೋಳು ಹಿಡಿದಳು. “ಹೋಗಬೇಡ ಕಣೇ. ಹೋದವರು ಅಲ್ಲಿಂದ ಬೇಗ ಬರಲ್ಲ.”

“ಒಂದು ಗಂಟೆ, ಚಿಕ್ಕಮ್ಮ. ಒಂದೇ ಗಂಟೆ.”

*

ಬಾಗಿಲಣ್ಣ ಅವಳ ತೂಕ ಬರೆದುಕೊಂಡು ಬಿಳಿ ಅಂಗಿ ಕೊಟ್ಟ. ಮೊದಲ ಬಾಗಿಲು ಹಿಂದೆ ಮುಚ್ಚಿತು. ಹನ್ನೊಂದು ನಿಮಿಷ ಗಾಳಿ ಅವಳ ಕೂದಲು, ಕುತ್ತಿಗೆ, ಸ್ಮಶಾನದ ಮಣ್ಣು ಮೆತ್ತಿದ ಅಂಗೈ ಎಲ್ಲವನ್ನೂ ಮೂಸಿ ನೋಡಿತು. ಎರಡನೆಯ ಬಾಗಿಲು ಆದರೂ ತೆರೆದುಕೊಂಡಿತು.

ಕೋಣೆ ಅವಳು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿತ್ತು. ಕೈ ಚಾಚಿದರೆ ಎರಡೂ ಕಡೆಯ ಟ್ರೇಗಳು ಸಿಗುವಷ್ಟು. ಕಿಟಕಿಯಿಲ್ಲ, ಒಂದು ಗೋಡೆಗೆ ಮಾತ್ರ ದಪ್ಪ ಗಾಜು, ಅದರ ಆಚೆ ಮುಖಗಳು. ಮಾತು ಕೇಳುವುದಿಲ್ಲ. ದೀಪದ ನೇರಳೆ ಬೆಳಕಿನಲ್ಲಿ ನಲವತ್ತೊಂದನೇ ತಲೆಮಾರಿನ ಮೂಲಂಗಿಗಳು ಟ್ರೇಯ ಅಂಚಿನ ಮೇಲೆ ಎಲೆ ಚೆಲ್ಲಿಕೊಂಡು, ಒದ್ದೆ ಬಟ್ಟೆಯ ಹಾಗೆ ನೇತುಬಿದ್ದಿದ್ದವು.

ಸತ್ತೇಹೋಗಿವೆ, ಅಂದುಕೊಂಡಳು. ಅಮ್ಮನ ಜೊತೆಗೇ. ಒಳ್ಳೆಯದಾಯಿತು.

ಅಳತೆಯ ಲೋಟದಲ್ಲಿ ಡ್ರಮ್ಮಿನ ನೀರು ಹಿಡಿದು, ಗಾಜಿನ ಕಡೆ ಎತ್ತಿ ತೋರಿಸಿದಳು. ನೋಡಿ, ಬರೀ ನೀರು. ಒಂದೊಂದೇ ಟ್ರೇಗೆ ಹಾಕುತ್ತ ಬಂದಳು. ಕರಿಪುಡಿ ನೀರನ್ನು ಸದ್ದಿಲ್ಲದೆ ಹೀರಿಕೊಂಡಿತು. ಕೊನೆಯ ಟ್ರೇ ಮುಗಿದಾಗ ಎದೆಯ ಮೇಲಿನ ಭಾರ ಯಾರೋ ಎತ್ತಿಕೊಂಡ ಹಾಗಾಯಿತು. ಮಾತಿನಲ್ಲಿ ಹೇಳಲಾಗದ್ದನ್ನು ಹೀಗಾದರೂ ಹೇಳಿಯಾಯಿತು. ನೀರು ಹಾಕಿದ ಮೇಲೆ ಕೋಣೆಯ ತೇವ ಸಮಕ್ಕೆ ಬರುವವರೆಗೆ ಬಾಗಿಲು ತೆರೆಯುವುದಿಲ್ಲ, ನಲವತ್ತು ನಿಮಿಷ ಎಂದು ಬಾಗಿಲಣ್ಣ ಹೇಳಿದ್ದ. ಅವಳು ಸ್ಟೂಲಿನ ಮೇಲೆ ಕೂತು ಕಾದಳು. ಬೆಳಗಿನಿಂದ ಏನೂ ಕುಡಿದಿರಲಿಲ್ಲ. ಗಂಟಲು ಒಣಗಿತ್ತು.

ಹಸಿದ ಗಿಡ ಬೇರೆ, ಬಾಯಾರಿದ ಗಿಡ ಬೇರೆ ಎಂಬುದು ಭೂಮಿ ಅಳೆಯುವವಳಿಗೆ ಹೊಳೆದಿರಲಿಲ್ಲ. ಹಸಿದದ್ದು ನಿಧಾನವಾಗಿ, ವಾರಗಟ್ಟಲೆ, ಹಳದಿಯಾಗುತ್ತ ಸಾಯುತ್ತದೆ. ಎರಡು ದಿನ ಬಾಯಾರಿದ್ದಕ್ಕೆ ಯಾರು ಯಾವ ನೀರು ಕೊಟ್ಟರೂ ಸಾಕು.

ಮೊದಲು ಒಂದು ದಂಟು ಅಲುಗಿತು. ಗಾಳಿ ಇರಬೇಕು ಅಂದುಕೊಂಡಳು. ಆದರೆ ಅಲ್ಲಿ ಗಾಳಿಯೇ ಇರಲಿಲ್ಲ. ನೋಡುತ್ತಿದ್ದಂತೆ ಅಂಚಿಗೆ ಒರಗಿದ್ದ ಎಲೆಯೊಂದು, ಮಲಗಿದ್ದವರು ಮೊಣಕೈ ಊರಿ ಏಳುವ ಹಾಗೆ, ಮೆಲ್ಲಗೆ ಮೇಲೆದ್ದಿತು. ಅದರ ಪಕ್ಕದ್ದು. ಎದುರಿನ ಟ್ರೇಯಲ್ಲಿ ಎರಡು.

“ಬೇಡ,” ಅಂದಳು. ಧ್ವನಿ ಒಡೆದಿತ್ತು.

ಎದ್ದು ಹೋಗಿ ಒಂದು ಎಲೆಯನ್ನು ಬೆರಳಿನಿಂದ ಅಂಚಿಗೆ ಒತ್ತಿ ಹಿಡಿದಳು. ಬೆರಳು ತೆಗೆದಾಗ ಅದು ಬೆರಳಿನ ಹಿಂದೆಯೇ ಎದ್ದು ಬಂತು. ಇನ್ನೊಂದನ್ನು ಒತ್ತಿದಳು. ಅಷ್ಟರಲ್ಲಿ ಬೆನ್ನ ಹಿಂದೆ ಇಡೀ ಸಾಲು ಎದ್ದು ನಿಂತಿತ್ತು.

ಗಾಜಿನ ಆಚೆ ಸಾಹೇಬರು ಬಾಗಿಲಣ್ಣನನ್ನು ಅಪ್ಪಿಕೊಂಡಿದ್ದರು. ಎಲೆ ಮೇಡಂ ಹಣೆಯನ್ನು ಗಾಜಿಗೆ ಒತ್ತಿ ಅಳುತ್ತಿದ್ದರು. ಅವರ ಉಸಿರಿಗೆ ಗಾಜು ಮಂಜಾಗಿತ್ತು. ಹಿಂದೆ ನಿಂತವರೆಲ್ಲ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದರು.

ಅವಳು ಗಾಜಿನ ಬಳಿ ಓಡಿಬಂದು, ಎರಡೂ ಕೈ ಮೇಲೆತ್ತಿ, ಅಲ್ಲ ಅಲ್ಲ ಎಂದು ಜೋರಾಗಿ ಆಡಿಸಿದಳು.

ಆಚೆ ಕಡೆ ಎಲ್ಲರೂ ನಗುತ್ತ, ಕಣ್ಣೊರೆಸಿಕೊಳ್ಳುತ್ತ, ತಮ್ಮ ತಮ್ಮ ಕೈ ಎತ್ತಿ ಅವಳಿಗೆ ಬೀಸಿದರು.